ಮಾವನ ಪಂಚೆಯ ಮೇಲೆ ಕಾರ್ ರೇಸ್

ನಮ್ಮ ಮನೆಯ ಪರದೆಗೆ ಹಸಿರು ಅಂಚಿದೆ. ಸುತ್ತಲೂ ಅಲ್ಲ, ನಟ್ಟನಡುವೆ.

ಇವತ್ತು ಬೆಳಿಗ್ಗೆ ಅದನ್ನು ಒಗೆದು ಟೆರೇಸಿನ ತಂತಿಗೆ ಹಾಕ್ತಾ ಇದ್ದೆ. ಪಕ್ಕದ ಮನೆಯ ರತ್ನಕ್ಕ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸ್ತಾ ಇದ್ದವರು ತಲೆ ಎತ್ತಿ ನೋಡಿದರು. "ಏನೇ ಪದ್ಮಾ, ಇಷ್ಟು ದೊಡ್ಡ ಪಂಚೆ ಉಡೋ ಗಂಡಸು ನಿಮ್ಮನೇಲಿ ಯಾರಿದ್ದಾರೆ?" ಅಂದರು. "ಪಂಚೆ ಅಲ್ಲ ರತ್ನಕ್ಕ, ಟೀವಿ" ಅಂದೆ. ಅವರು ಅವರೆಕಾಯಿ ಬಿಟ್ಟು ನನ್ನ ಮುಖವನ್ನೇ ನೋಡಿದರು. ಟೀವಿ ಒಗೆದು ಒಣಗಿಸೋ ಹೆಂಗಸನ್ನ ಅವರು ಈ ಟೇಕಲ್ ಸುತ್ತಮುತ್ತ ಎಲ್ಲೂ ನೋಡಿರಲಿಕ್ಕಿಲ್ಲ.

ಅವರಿಗೆ ಹೇಳೋಕೆ ಹೊರಟರೆ ಅವರೆಕಾಯಿ ಮುಗಿದರೂ ಕತೆ ಮುಗಿಯಲ್ಲ. ನಿಮಗೆ ಹೇಳ್ತೀನಿ, ಕೂತ್ಕೊಳ್ಳಿ.

ನಾನು ದರ್ಜಿ. ಮಾಲೂರಿನಿಂದ ಟೇಕಲ್ ಕಡೆ ಬರೋ ದಾರೀಲಿ ನಮ್ಮೂರು. ಸುತ್ತ ನಾಲ್ಕು ಊರಿನ ಹೆಂಗಸರಿಗೆ ರವಿಕೆ ಅಂದರೆ ನಾನೇ. ಜಂಬ ಅಂತ ಅಂದ್ಕೋಬೇಡಿ, ಇರೋ ಮಾತು ಹೇಳ್ತಿದ್ದೀನಿ. ಮಾಲೂರಿನ ದೊಡ್ಡ ಅಂಗಡಿಯಲ್ಲಿ ಹೊಲಿಸಿಕೊಂಡು, ತೋಳು ಬಿಗಿ ಅಂತ ಅತ್ತುಕೊಂಡು ಕೊನೆಗೆ ನನ್ನ ಹತ್ತಿರವೇ ಬಂದವರು ಇದ್ದಾರೆ. ಮನೆಯಲ್ಲಿ ನಾವು ನಾಲ್ಕು ಜನ. ನಮ್ಮನೆಯವರು ಲಕ್ಕೂರು ಕಡೆ ಒಂದು ಫ್ಯಾಕ್ಟರಿಗೆ ಹೋಗ್ತಾರೆ. ಮಗಳು ಚೈತ್ರ ಕೋಲಾರದಲ್ಲಿ ಕಾಲೇಜು. ಇನ್ನೊಬ್ಬರು ನಮ್ಮತ್ತೆ, ಈ ಕತೆಯೆಲ್ಲ ಅವರದೇ.

ಮೊದಲು ನಮ್ಮ ಟೀವಿ ಹೋಯಿತು. ಒಂದು ಸಂಜೆ ಸಿಡಿಲು ಹೊಡೆದದ್ದಕ್ಕೆ ಒಳಗಡೆ ಏನೋ ಸುಟ್ಟು, ಮನೆಯೆಲ್ಲ ಹೋಳಿಗೆ ಸೀದ ವಾಸನೆ. ರಿಪೇರಿಯವನು ಬಂದು ಹಿಂದಿನ ಮುಚ್ಚಳ ಬಿಚ್ಚಿ, ಟಾರ್ಚು ಬಿಟ್ಟು ನೋಡಿ, "ಅಕ್ಕಾ, ಇದಕ್ಕೊಂದು ಹಾರ ಹಾಕಿಬಿಡಿ" ಅಂದ. ನಮ್ಮನೆಯವರು ಹೊಸ ಟೀವಿ ತರೋಣ ಅಂತ ಹೇಳ್ತಾ ಹೇಳ್ತಾ ದಿನ ತಳ್ಳಿದರು. ಕೊನೆಗೊಂದು ದಿನ ಚೀಲದಲ್ಲಿ ಏನೋ ಹೊತ್ತುಕೊಂಡು ಬಂದರು. ಫ್ಯಾಕ್ಟರಿಯ ಮೀಟಿಂಗ್ ರೂಮಿನಲ್ಲಿ ಹಳೇದಾಯ್ತು ಅಂತ ಮೂಲೆಗಿಟ್ಟಿದ್ದ ಪ್ರೊಜೆಕ್ಟರಂತೆ. "ಇದಿದ್ರೆ ಟೀವಿ ಯಾಕೆ ಬೇಕು? ಗೋಡೆಯೇ ಟೀವಿ!" ಅಂತ ಅವರು ಅಂದ ಗತ್ತು ನೋಡಬೇಕಿತ್ತು, ಅದನ್ನು ತಾವೇ ಕಂಡುಹಿಡಿದವರ ಹಾಗೆ.

ಗೋಡೆಯೇ ಟೀವಿ ಅನ್ನೋದು ಸರಿ, ಗೋಡೆ ಎಲ್ಲಿದೆ? ನಮ್ಮಂಥವರ ಮನೆ ಗೋಡೆ ನಿಮಗೆ ಗೊತ್ತೇ ಇದೆ. ಒಂದು ಕಡೆ ದೇವರ ಪಟಗಳು, ಒಂದು ಕಡೆ ಗೂಡು, ಗೂಡಿನಲ್ಲಿ ಚೈತ್ರ ಶಾಲೇಲಿ ಗೆದ್ದ ಕಪ್ಪುಗಳು. ಇನ್ನೊಂದು ಕಡೆ ಮೂರು ಕ್ಯಾಲೆಂಡರು, ಮೂರರಲ್ಲೂ ಬೇರೆ ಬೇರೆ ತಿಂಗಳು. ಖಾಲಿ ಇರೋದು ಒಂದೇ ಗೋಡೆ. ಅದಕ್ಕೆ ನಮ್ಮ ಮಾವ, ಕೈ ಮುಟ್ಟಿದರೂ ಕೊಳೆ ಕಾಣಬಾರದು ಅಂತ, ಸೊಂಟದ ಮಟ್ಟದವರೆಗೆ ಕಡು ಹಸಿರು ಆಯಿಲ್ ಪೇಂಟು ಬಳಿಸಿದ್ದರು. ಮೊದಲ ದಿನ ಅದರ ಮೇಲೇ ಬಿಟ್ಟು ನೋಡಿದೆವು. ವಾರ್ತೆ ಓದೋ ಹುಡುಗಿಯ ಮುಖ ಬೆಳ್ಳಗೆ, ಕುತ್ತಿಗೆಯಿಂದ ಕೆಳಗೆ ಹಾಗಲಕಾಯಿ. ಅತ್ತೆ ನೋಡಿ ಮುಖ ಆಚೆ ತಿರುಗಿಸಿಕೊಂಡರು.

ನಮ್ಮತ್ತೆ ವಿಷಯ ಇಲ್ಲೇ ಹೇಳಿಬಿಡಬೇಕು. ಮಾವ ಹೋದ ಮೇಲೆ ಅವರು ಮಾತು ಬಿಟ್ಟುಬಿಟ್ಟಿದ್ದರು. ಮೂಗರಾಗಿರಲಿಲ್ಲ, ಆದರೆ ಏನು ಕೇಳಿದರೂ "ಆಯ್ತು" ಅನ್ನೋರು. ಊಟ ಮಾಡ್ತೀರಾ ಅತ್ತೆ? ಆಯ್ತು. ಬಿಸಿನೀರು ಇಡ್ಲಾ? ಆಯ್ತು. ಇವತ್ತು ಸಾರಿಗೆ ಉಪ್ಪು ಜಾಸ್ತಿ ಆಯ್ತಾ? ಅದಕ್ಕೂ ಆಯ್ತು. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಮುದ್ದೆಯನ್ನ ತಟ್ಟೆಯಲ್ಲಿ ಉರುಳಿಸಿ, "ಅಮ್ಮಾಯೀ, ಇದನ್ನ ಹಿತ್ತಿಲ ಕಾಂಪೌಂಡಿಗೆ ಇಟ್ಟಿಗೆ ಬದಲು ಇಡಬಹುದು" ಅಂದಿದ್ದ ಬಾಯಿ ಅದು. ಆ ಬಾಯಿಗೆ ಹೆದರಿ ನಾನು ತವರಿಗೆ ಓಡಿಹೋಗಿದ್ದೂ ಉಂಟು. ಈಗ ಅದೇ ಬಾಯಿಂದ ಒಂದು ಬೈಗುಳ ಕೇಳೋಕೆ ನಾನು ಬೇಕೂಂತಲೇ ಮುದ್ದೆ ಗಂಟು ಮಾಡಿ ಬಡಿಸಿದ್ದೀನಿ. ಆಗಲೂ "ಆಯ್ತು" ಅಂತ ನುಂಗಿದರು. ಅವತ್ತು ಅಡುಗೆಮನೇಲಿ ನಿಂತು ಅತ್ತುಬಿಟ್ಟೆ.

ಅಂಥ ಅತ್ತೆ, ಗೋಡೆಯ ಮೇಲಿನ ಹಾಗಲಕಾಯಿ ನೋಡಿದ ಮಾರನೇ ದಿನ ತಾವಾಗಿ ಎದ್ದು ಟ್ರಂಕು ತೆಗೆದರು. ನಮ್ಮನೇಲಿ ಬಿಳೀ ಹಾಸಿಗೆ ಬಟ್ಟೆ ಇಲ್ಲ, ಇರೋದೆಲ್ಲ ಹೂವು, ನವಿಲು. ದರ್ಜಿ ಮನೆ ಅಂತ ಬಿಳೀ ಲೈನಿಂಗ್ ಇದೆ, ಆದರೆ ಅದು ರವಿಕೆ ಅಳತೆಯ ತುಂಡು. ನಾನು ಅದನ್ನೇ ಜೋಡಿಸೋದು ಹೇಗೆ ಅಂತ ನೋಡ್ತಾ ಕೂತಿದ್ದೆ. ಅತ್ತೆ ಬಂದು ನನ್ನ ಮಡಿಲಿಗೆ ಹಸಿರು ಅಂಚಿನ ಎರಡು ಪಂಚೆ ಹಾಕಿದರು. ಮಾವನವು. ಮಾವ ಹಿಪ್ಪುನೇರಳೆ ತೋಟಕ್ಕೆ ಹೋಗುವಾಗಲೂ ಬಿಳೀ ಪಂಚೆಯೇ ಉಟ್ಟು, ಒಂದು ಚುಕ್ಕೆ ಕೊಳೆ ಇಲ್ಲದೆ ಹಿಂದಕ್ಕೆ ಬರ್ತಿದ್ದವರು. "ಜೋಡಿಸಿ ಹೊಲಿ. ಅಂಚಿಗೆ ಕತ್ತರಿ ಹಾಕಬೇಡ" ಅಂದರು ಅತ್ತೆ. ಬಹಳ ದಿನದ ಮೇಲೆ ಅವರ ಬಾಯಿಂದ ಬಂದ ಪೂರಾ ಮಾತು ಅದು. ನಾನು ಕತ್ತರಿ ಹಾಕಲಿಲ್ಲ. ಒಂದರ ಕೆಳಗೆ ಒಂದು ಇಟ್ಟು, ಎರಡು ಅಂಚನ್ನೂ ಕೂಡಿಸಿ ಹೊಲಿದೆ. ಪರದೆಯ ನಡುವೆ ಹಸಿರು ಪಟ್ಟಿ ಬಂದದ್ದು ಹಾಗೆ.

ಇನ್ನು ಕಟ್ಟೋದೆಲ್ಲಿ? ನಡುಮನೆಯ ಸೂರಿನಲ್ಲಿ ಚೈತ್ರನ ತೊಟ್ಟಿಲು ಹಾಕಿದ್ದ ಕೊಂಡಿಗಳಿದ್ದವು. ಅದಕ್ಕೇ ಹಗ್ಗ ಕಟ್ಟಿ ಇಳಿಬಿಟ್ಟೆವು. ಹಾಗಾಗಿ ನಡುಮನೆ ಎರಡು ಪಾಲಾಯಿತು. ತಲೆಬಾಗಿಲ ಕಡೆ ಪ್ರೊಜೆಕ್ಟರು, ನಮ್ಮನೆಯವರು, ಚೈತ್ರ. ಅಡುಗೆಮನೆ ಕಡೆ ನನ್ನ ಹೊಲಿಗೆ ಮಷೀನು, ಅದರ ಪಕ್ಕ ಅತ್ತೆಯ ಮಂಚ. ಮುಂದೆ ಇರೋರಿಗೆ ನೆಟ್ಟಗೆ ಕಾಣುತ್ತೆ, ಹಿಂದೆ ಇರೋ ನಮಗೆ ಪಂಚೆಯ ಮೂಲಕ ಹಾದು ಬಂದದ್ದು ಉಲ್ಟಾ ಕಾಣುತ್ತೆ. ಬಲ ಎಡ ಆಗಿ, ಎಡ ಬಲ ಆಗಿ. ಜೊತೆಗೆ ನಡುವೆ ಪ್ರೊಜೆಕ್ಟರಿನ ಕಣ್ಣು ಒಂದು ಬೆಳಕಿನ ಬೊಟ್ಟಾಗಿ ಉರೀತಿರುತ್ತೆ. "ಅಮ್ಮ, ಅಜ್ಜಿ ಮಂಚ ಈ ಕಡೆ ತರೋಣ" ಅಂದಳು ಚೈತ್ರ. ಅತ್ತೆ ಬೇಡ ಅಂತ ಕೈ ಆಡಿಸಿದರು. ನನಗೂ ಹೊಲಿಗೆ ಇತ್ತು, ಮಷೀನು ಎತ್ತಿಡೋರು ಯಾರು ಅಂತ ನಾನೂ ಹಿಂದೆಯೇ ಉಳಿದೆ.

ಹಿಂದೆ ಕೂರೋದು ನನಗೇನೂ ಹೊಸದಲ್ಲ. ಮುಳಬಾಗಿಲು ಕಡೆ ನನ್ನ ತವರು. ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಬಯಲಿನಲ್ಲಿ ಟೆಂಟು ಹಾಕಿ ಸಿನಿಮಾ ತೋರಿಸೋರು. ಪರದೆ ಮುಂದೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ನಡುವೆ ಹಗ್ಗ. ಹಿಂದೆ ಹಗ್ಗವೂ ಇಲ್ಲ, ಗಲಾಟೆಯೂ ಇಲ್ಲ. ಬೀಡಿ ಹೊಗೆ ಆಗಲ್ಲ ಅಂತ ನಮ್ಮಜ್ಜಿ ನನ್ನನ್ನ ಹಿಂದಕ್ಕೇ ಎಳೆದುಕೊಂಡು ಹೋಗೋಳು. ಹಾಗಾಗಿ ಬಹಳ ವರ್ಷ ನಾನು ಸಿನಿಮಾದ ಹೀರೋಗಳೆಲ್ಲ ಎಡಚರು ಅಂತಲೇ ನಂಬಿದ್ದೆ. ಎಡಗೈಯಲ್ಲಿ ಕತ್ತಿ ಹಿಡಿಯೋರು, ಎಡಗೈಯಲ್ಲಿ ಆಶೀರ್ವಾದ ಮಾಡೋರು. ಕೊನೆಗೆ ಬರೋ ಅಕ್ಷರಾನೂ ಉಲ್ಟಾ. ಅದನ್ನೇ ಓದಿ ಓದಿ ನನಗೆ ಉಲ್ಟಾ ಅಕ್ಷರ ಸಲೀಸಾಯಿತು. ಒಂದು ಸಲ ಶಾಲೆಯಲ್ಲಿ ಸ್ಲೇಟಿನ ಮೇಲೆ ಹಾಗೇ ಬರೆದು ತೋರಿಸಿದಾಗ ಮೇಷ್ಟ್ರು ಸ್ಲೇಟನ್ನ ಹಿಂದೆ ಮುಂದೆ ತಿರುಗಿಸಿ ನೋಡಿ, ನನ್ನ ಕಿವಿಯನ್ನೂ ಹಾಗೇ ತಿರುಗಿಸಿದರು.

ಆಮೇಲೆ ಹೊಲಿಗೆ ಕಲಿತೆ. ಬಟ್ಟೆ ಉಡೋರು ನೋಡೋದು ಹೊರಬದಿ, ದರ್ಜಿ ಬದುಕೋದು ಒಳಬದಿಯಲ್ಲಿ. ತೋಳು ಕೂರಿಸುವಾಗ ರವಿಕೆ ಉಲ್ಟಾ ಇರುತ್ತೆ, ಬಲಗೈ ತೋಳು ಎಡಕ್ಕೆ ಬಂದಿರುತ್ತೆ. ಹೊಸದಾಗಿ ಕಲಿಯೋ ಹುಡುಗೀರು ಇಲ್ಲೇ ಎಡವಿ, ಎರಡೂ ತೋಳನ್ನ ಒಂದೇ ಕೈಗೆ ಹೊಲೀತಾರೆ. ನನಗೆ ಒಂದು ದಿನಕ್ಕೂ ಹಾಗಾಗಿಲ್ಲ.

ಈ ಜಂಬಕ್ಕೂ ಕತೆಗೂ ಸಂಬಂಧ ಇದೆ, ನೋಡ್ತಾ ಇರಿ.

ಪ್ರೊಜೆಕ್ಟರು ಬಂದ ಸ್ವಲ್ಪ ದಿನಕ್ಕೆ ಚೈತ್ರ ಗೆಳತಿ ಮನೆಯಿಂದ ಹಳೇ ಗೇಮ್ ಪೆಟ್ಟಿಗೆ ತಂದಳು. ಎರಡು ಕೈಯಲ್ಲೂ ಹಿಡಿಯೋ ಎರಡು ರಿಮೋಟು, ವೈರಿಲ್ಲ. ಕಾರು ಓಡಿಸೋ ಆಟ. ಇಬ್ಬರು ಆಡಿದರೆ ಪರದೆ ಮೇಲೆ ಕೆಳಗೆ ಎರಡು ಭಾಗ ಆಗುತ್ತೆ, ಮೇಲೆ ಒಬ್ಬರ ಕಾರು, ಕೆಳಗೆ ಇನ್ನೊಬ್ಬರದು. ನಮ್ಮ ಪರದೆಯಲ್ಲಿ ಆ ಗೆರೆ ಸರಿಯಾಗಿ ಮಾವನ ಪಂಚೆಯ ಅಂಚಿನ ಮೇಲೇ ಕೂತಿತು. ಮೇಲಿನ ಪಂಚೆ ಅಪ್ಪನದು, ಕೆಳಗಿನ ಪಂಚೆ ಮಗಳದು. ಅಪ್ಪ ದಿನಾ ಸೋಲೋರು. ಸೋತು ಸೋತು ಬೇಜಾರಾಗಿ ಒಂದು ಸಂಜೆ, "ಲೇ ಪದ್ಮಾ, ನೀನಾದ್ರೂ ಆಡೇ" ಅಂತ ರಿಮೋಟನ್ನ ಪರದೆ ಕೆಳಗಿನಿಂದ ಈಚೆ ತಳ್ಳಿದರು.

ಕೈಯಲ್ಲಿ ಹಿಡಿದೆ. ಎಡಕ್ಕೆ ಒತ್ತಿದರೆ ಕಾರು ಬಲಕ್ಕೆ ಹೋಗುತ್ತೆ. ಬಲಕ್ಕೆ ಒತ್ತಿದರೆ ಎಡಕ್ಕೆ. ಮೊದಲು ಒಂದು ಲೈಟುಕಂಬ, ಆಮೇಲೆ ಒಂದು ಹೋಟೆಲು, ಆಮೇಲೆ ಸಮುದ್ರ. ಆಚೆಯಿಂದ ಅಪ್ಪ ಮಗಳ ನಗು ಕೇಳ್ತಾ ಇತ್ತು. ನನಗೆ ರೋಷ ಬಂತು. ಇದೇನು ಮಹಾ, ರವಿಕೆ ತೋಳು ಇದ್ದ ಹಾಗೆ ಅಂತ ಒಂದು ಕ್ಷಣ ಯೋಚಿಸಿದೆ ನೋಡಿ, ಕೈಗೆ ದಾರಿ ಸಿಕ್ಕಿಬಿಟ್ಟಿತು. ವಾರ ಕಳೆಯೋದರೊಳಗೆ ಚೈತ್ರನ ಜೊತೆ ಸಮಸಮ ಓಡಿಸಿದೆ. ಇನ್ನೊಂದಿಷ್ಟು ದಿನಕ್ಕೆ ಅವಳನ್ನ ಸೋಲಿಸಿದೆ. ಆಮೇಲೆ ಸೋಲಿಸ್ತಾನೇ ಇದ್ದೆ. "ಅಮ್ಮ ಏನೋ ಮೋಸ ಮಾಡ್ತಿದ್ದಾಳೆ" ಅಂತ ಅವಳು ಪರದೆ ಎತ್ತಿ ಇಣುಕಿ ನೋಡಿದ್ದೂ ಇದೆ. ಮೋಸ ಎಲ್ಲಿಂದ ಬಂತು? ಕೈಯಲ್ಲಿ ವಿದ್ಯೆ ಇತ್ತು.

ಆದರೆ ನಾನು ಸಂತೋಷಪಟ್ಟದ್ದು ಗೆದ್ದದ್ದಕ್ಕಲ್ಲ. ಒಂದು ಸಂಜೆ ಕೊನೇ ತಿರುವಿನಲ್ಲಿ ನನ್ನ ಕಾರು ಜಾರ್ತಾ ಇತ್ತು. ಪಕ್ಕದಿಂದ ಒಂದು ಕೂಗು ಬಂತು: "ಎಡಕ್ಕೆ ತಿರುಗಿಸೇ ಮುಂಡೇದೇ, ಎಡಕ್ಕೆ!"

ಕೂಗಿದ್ದು ಅತ್ತೆ. ಮಂಚದ ಮೇಲೆ ಮೊಣಕಾಲೂರಿ ಎದ್ದು ಕೂತಿದ್ದರು. ನನ್ನ ಕಾರು ಗೋಡೆಗೆ ಹೊಡೆಯಿತು. "ಥೂ, ಎಂಥಾ ಡ್ರೈವರೇ ನೀನು! ಟೇಕಲ್ ಬಸ್ಸಿನೋನೇ ವಾಸಿ" ಅಂದರು. ಬೈಸಿಕೊಂಡು ಅಷ್ಟು ಸಂತೋಷಪಟ್ಟವಳು ಈ ಕೋಲಾರ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು.

ಅಲ್ಲಿಂದ ಮುಂದೆ ಸಂಜೆ ದೀಪ ಹಚ್ಚಿದ ಮೇಲೆ ನಮ್ಮನೇಲಿ ಒಂದೇ ಗಲಾಟೆ. ಅತ್ತೆಯದು ಅರ್ಧ ಕನ್ನಡ, ಅರ್ಧ ತೆಲುಗಿನ ಕಾಮೆಂಟ್ರಿ. ನಾನು ಗೆದ್ದರೆ "ಸೆಬಾಸು", ಸೋತರೆ "ಅಯ್ಯೋ ದೇವುಡಾ, ಇವಳನ್ನ ಯಾರು ಮದುವೆ ಮಾಡ್ಕೊಂಡು ಬಂದರು!" ಮುದ್ದೆಯ ಮೇಲಿನ ಟೀಕೆಯೂ ವಾಪಸು ಬಂತು. ಒಂದು ವಿಷಯಕ್ಕೆ ಮಾತ್ರ ಸಿಡುಕೋರು. ಅವರು ಯಾವಾಗಲೂ ಮಂಚದ ಎಡಗಡೆಯೇ ಕೂರೋರು, ಬಲಗಡೆ ಅರ್ಧ ಮಂಚ ಖಾಲಿ. ನಾನು ಹೊಲಿಯೋ ಬಟ್ಟೆ ಗಂಟನ್ನ ಅಲ್ಲಿ ಇಟ್ಟರೆ ಆಗದು. "ತೆಗಿಯೇ ಅದನ್ನ" ಅನ್ನೋರು. ವಯಸ್ಸಾದವರಿಗೆ ಒಂದೊಂದು ಹಟ ಇರುತ್ತೆ ಅಂತ ನಾನು ನೆಲದ ಮೇಲೆ ಇಟ್ಟುಕೊಳ್ತಿದ್ದೆ.

ಹೀಗಿರುವಾಗ ಗೌರಿ ಬಂದಳು. ಗೌರಿ ನನ್ನ ನಾದಿನಿ, ಶ್ರೀನಿವಾಸಪುರಕ್ಕೆ ಕೊಟ್ಟಿದೆ, ಮಾವಿನ ತೋಟದ ಮನೆ. ಗಟ್ಟಿಗಿತ್ತಿ. ಸೀಸನ್ನಿನಲ್ಲಿ ಹಣ್ಣಿನ ಟೆಂಪೋ ತಾನೇ ಓಡಿಸಿಕೊಂಡು ಮಂಡಿಗೆ ಹೋಗೋಳು. ಅಮ್ಮ ಅಂದ್ರೆ ಪ್ರಾಣ. ಬಂದವಳು ಬಾಗಿಲಲ್ಲೇ ನಿಂತು ಪರದೆ ನೋಡಿದಳು, ಪರದೆ ಸರಿಸಿ ಅಮ್ಮನನ್ನ ನೋಡಿದಳು, ಆಮೇಲೆ ನನ್ನ ನೋಡಿದಳು.

"ಏನ್ ವದಿನಾ ಇದು?" ಅಂದಳು. ನಮ್ಮಲ್ಲಿ ಅತ್ತಿಗೆಯನ್ನ ತೆಲುಗಿನಲ್ಲಿ ವದಿನ ಅಂತಲೇ ಕರೆಯೋದು. "ನೀವೆಲ್ಲ ಮುಂದೆ ಕೂತು ನೋಡೋದು, ನಮ್ಮಮ್ಮನ್ನ ಬಟ್ಟೆ ಹಿಂದೆ ಕೂರಿಸೋದಾ? ಉಲ್ಟಾ ಸಿನಿಮಾ ನೋಡೋ ಗ್ರಹಚಾರ ಏನು ಬಂತು ಅವಳಿಗೆ?"

"ನಾನೂ ಹಿಂದೇನೇ ಕೂರೋದು ಗೌರಿ. ಅತ್ತೇನೇ ಅಲ್ಲಿರ್ತೀನಿ ಅಂದಿದ್ದು."

"ಅವಳು ಏನು ಕೇಳಿದ್ರೂ ಆಯ್ತು ಅಂತಾಳೆ. ನಂಗೊತ್ತಿಲ್ವಾ? ನಮ್ಮನೇಲಿ ಗೋಡೆಯಗಲ ಟೀವಿ ಇದೆ. ಮೆತ್ತನೆ ಸೋಫಾ ಇದೆ. ಅಮ್ಮನ್ನ ಕರ್ಕೊಂಡ್ ಹೋಗ್ತೀನಿ. ಇನ್ಮೇಲೆ ಅಲ್ಲೇ ಇರ್ಲಿ."

"ಅತ್ತೆ ಎಲ್ಲೂ ಹೋಗಲ್ಲ" ಅಂದೆ. "ಅದನ್ನ ಹೇಳೋಕೆ ನೀನ್ಯಾರು?" ಅಂದಳು. ಮಾತಿಗೆ ಮಾತು ಬೆಳೀತು. ನಮ್ಮನೆಯವರು ಹಾಲು ತರ್ತೀನಿ ಅಂತ ಆಚೆ ಹೋದರು. ಇಂಥ ಹೊತ್ತಲ್ಲಿ ಅವರಿಗೆ ಯಾವಾಗಲೂ ಹಾಲು ನೆನಪಾಗುತ್ತೆ. ಕೊನೆಗೆ ಗೌರಿ ಮಷೀನಿನ ಮೇಲಿದ್ದ ರಿಮೋಟು ನೋಡಿ, "ಓಹೋ, ನೀನೂ ಆಡ್ತೀಯಾ? ನಮ್ಮನೇಲೂ ಇದೇ ಆಟ. ಬಾ ಮತ್ತೆ, ಗೆದ್ದೋಳ ಮನೇಲಿ ಅಮ್ಮ" ಅಂದಳು. ಅವಳು ಅರ್ಧ ತಮಾಷೆಗೇ ಅಂದದ್ದು. ನನಗೆ ಒಳಗೊಳಗೇ ನಗು ಬಂತು. ಪಾಪ, ಇವಳಿಗೆ ನನ್ನ ಕೈ ಗೊತ್ತಿಲ್ಲ. "ಅತ್ತೆ, ನಿಮಗೆ ಒಪ್ಪಿಗೆಯಾ?" ಅಂದೆ.

ಅತ್ತೆ ಇಬ್ಬರ ಮುಖವನ್ನೂ ನೋಡಿದರು. "ಆಯ್ತು" ಅಂದರು.

ನಾನು ನನ್ನ ಸ್ಟೂಲಿನ ಮೇಲೆ ಕೂತೆ. ಗೌರಿ ಆಚೆಯಿಂದ, "ಅದೇನು ನೀನು ಅಲ್ಲಿ, ನಾನು ಇಲ್ಲಿ? ಮರೇಲಿ ಕೂತು ಏನ್ ಕಿತಾಪತಿ ಮಾಡ್ತೀಯೋ. ಬಾ, ಪಕ್ಕದಲ್ಲಿ ಕೂತು ಆಡು" ಅಂದಳು. ಇಲ್ಲೇ ನೋಡಿ ನಾನು ಕೆಟ್ಟದ್ದು. "ನನಗೆ ಎಲ್ಲಿ ಕೂತರೂ ಒಂದೇ!" ಅಂತ ಎದೆ ಉಬ್ಬಿಸಿಕೊಂಡು ಪರದೆ ಸರಿಸಿ ಮುಂದೆ ಬಂದೆ. ನಮ್ಮ ಪರದೆಯ ಮುಂದೆ ನಾನು ಆಡೋಕೆ ಕೂತದ್ದು ಅದೇ ಮೊದಲು. ಎಷ್ಟು ಚೆನ್ನಾಗಿ, ಎಷ್ಟು ಸ್ವಚ್ಛವಾಗಿ ಕಾಣುತ್ತೆ ಅಂತ ಅಂದ್ಕೊಂಡೆ.

ರೇಸು ಶುರುವಾಯಿತು. ಮೊದಲ ತಿರುವು ಬಲಕ್ಕೆ. ನನ್ನ ಕೈ ಎಡಕ್ಕೆ ಒತ್ತಿತು. ಲೈಟುಕಂಬ. ಸಾವರಿಸಿಕೊಂಡೆ. ಮುಂದಿನ ತಿರುವು ಎಡಕ್ಕೆ, ಕೈ ಬಲಕ್ಕೆ. ಹೋಟೆಲು. ತಲೆ ಹೇಳ್ತಿದೆ, ಪದ್ಮಾ, ಇದು ನೆಟ್ಟಗಿರೋ ಕಡೆ ಕಣೇ, ನೆಟ್ಟಗೆ ಒತ್ತೇ ಅಂತ. ಕೈ ಕೇಳಬೇಕಲ್ಲ? ಅದು ಕಲಿತದ್ದೇ ಉಲ್ಟಾ. ಇಷ್ಟು ದಿನ ನಾನು ಉಲ್ಟಾ ಆಡ್ತಿದ್ದೆ ಅನ್ನೋದೇ ನನಗೆ ಮರೆತುಹೋಗಿತ್ತು. ಚೈತ್ರ ಬಾಯಿ ಮೇಲೆ ಕೈಯಿಟ್ಟುಕೊಂಡು, "ಅಮ್ಮಾ, ಆ ಕಡೆ ಅಲ್ಲಮ್ಮಾ!" ಅಂತಿದ್ದಳು. ನಾನು ಸಮುದ್ರದಲ್ಲಿದ್ದೆ. ಗೌರಿ ಟೆಂಪೋ ಓಡಿಸಿದಷ್ಟೇ ನಿರಾಳವಾಗಿ ಹೋಗಿ ಗೆರೆ ಮುಟ್ಟಿದಳು. ಪರದೆ ಆಚೆಯಿಂದ ಒಂದು ಕೂಗೂ ಬರಲಿಲ್ಲ.

ಮಾತು ಮಾತೇ. ಅತ್ತೆಯ ಸೀರೆಗಳನ್ನ ನಾನೇ ಮಡಿಸಿ ಚೀಲಕ್ಕೆ ತುಂಬಿದೆ. ಎಲ್ಲದಕ್ಕೂ ಹೊಂದೋ ರವಿಕೆ ನಾನೇ ಹೊಲಿದದ್ದು. ಬಾಗಿಲಲ್ಲಿ ಅವರ ಕೈ ಹಿಡಿದು, "ಬೇಡ ಅಂತ ಒಂದು ಮಾತು ಹೇಳಿ ಅತ್ತೆ, ನಾನು ನೋಡ್ಕೊಳ್ತೀನಿ" ಅಂತ ಪಿಸುಗುಟ್ಟಿದೆ. "ಅವಳೂ ನನ್ನ ಮಗಳೇ ಅಲ್ವೇನೇ?" ಅಂದರು. ಟೆಂಪೋ ಹೊರಟಿತು. ನಾನು ಒಳಗೆ ಬಂದು ಪರದೆ ಬಿಚ್ಚಿ ಮಡಿಸಿಟ್ಟೆ.

ಆಮೇಲೆ ಮನೆಯಲ್ಲಿ ಯಾರಿಗೂ ಆಡೋ ಮನಸ್ಸಿಲ್ಲ. ನಡುಮನೆ ಒಂದೇ ಆಗಿ ಅಗಲವಾಯಿತು, ಖಾಲಿ ಮಂಚ ತಲೆಬಾಗಿಲಿಂದಲೇ ಕಾಣೋದು. ಬಟ್ಟೆ ಗಂಟನ್ನ ಆರಾಮಾಗಿ ಅದರ ಮೇಲೆ ಇಡಬಹುದಿತ್ತು, ತೆಗಿಯೇ ಅನ್ನೋರಿಲ್ಲ. ಆದರೂ ನೆಲದ ಮೇಲೇ ಇಟ್ಟೆ. ಮುದ್ದೆ ಚೆನ್ನಾಗಿ ಬಂದಿತ್ತು, ಅದಕ್ಕೂ ಸಿಟ್ಟು ಬಂತು. ಒಂದು ರವಿಕೆಗೆ ಎರಡೂ ತೋಳನ್ನ ಒಂದೇ ಕೈಗೆ ಹೊಲಿದು ಬಿಚ್ಚಿದೆ. ನಾನು, ಪದ್ಮ!

ಒಂದು ಮಧ್ಯಾಹ್ನ ಗೌರಿಯ ಫೋನು ಬಂತು. ದನಿಯಲ್ಲಿ ಮೊದಲಿನ ಗತ್ತಿರಲಿಲ್ಲ.

"ವದಿನಾ, ಅಮ್ಮ ಟೀವಿ ನೋಡಲ್ಲ."

"ಏನ್ಮಾಡ್ತಾರೆ?"

"ಸೋಫಾದಲ್ಲಿ ಒಂದು ಮೂಲೆಗೆ ಕೂರ್ತಾಳೆ. ಸ್ವಲ್ಪ ಹೊತ್ತಿಗೆ ಎದ್ದು ಹೋಗಿ ಟೀವಿ ಹಿಂದೆ ಇಣುಕಿ ನೋಡ್ತಾಳೆ. ಗೋಡೆಗೂ ಟೀವಿಗೂ ಮಧ್ಯ ಕೈ ಹಾಕಿ ನೋಡ್ತಾಳೆ. ಏನಮ್ಮ ಬಿತ್ತು ಅಂದ್ರೆ ಏನೂ ಇಲ್ಲ ಅಂತಾಳೆ. ನಂಗೆ ಭಯ ಆಗ್ತಿದೆ. ತಲೆಗೇನಾದ್ರೂ…"

"ಊಟ?"

"ಕೇಳಿದ್ರೆ ಆಯ್ತು ಅಂತಾಳೆ. ಎಲ್ಲದಕ್ಕೂ ಅದೇ."

ಆ ಮಾತು ಕೇಳಿದ ಮೇಲೆ ನನಗೆ ಸೋಲು ಗೆಲುವು ಯಾವುದೂ ಉಳಿಯಲಿಲ್ಲ. "ಗೌರಿ, ನಿನ್ನ ಕಾಲಿಗೆ ಬೀಳ್ತೀನಿ, ಕರ್ಕೊಂಡು ಬಾ" ಅಂದೆ. ಅವಳು ಬೈತಾಳೆ ಅಂದ್ಕೊಂಡಿದ್ದೆ. "ನಾಳೆ ಬರ್ತೀನಿ" ಅಂದಳು ಅಷ್ಟೇ.

ಮರುದಿನ ದೀಪ ಹಚ್ಚೋ ಹೊತ್ತಿಗೆ ಬಂದರು. ಅತ್ತೆ ಸೀದಾ ಹೋಗಿ ಮಂಚದ ಎಡಗಡೆ ಕೂತರು. "ಪರದೆ ಎಲ್ಲೇ? ಕಟ್ಟು" ಅಂದರು. ಕಟ್ಟಿದೆ. ಚೈತ್ರ ಪ್ರೊಜೆಕ್ಟರು ಹಾಕಿದಳು, ಪಂಚೆಯ ತುಂಬ ಬೆಳಕು ತುಂಬಿ ನಮ್ಮ ಕಡೆಗೂ ಬಂತು. ಅತ್ತೆಯ ಮುಖ ಅರಳಿತು. ಅದನ್ನ ನೋಡಿ ಗೌರಿಗೆ ತಡೆಯೋಕೆ ಆಗಲಿಲ್ಲ. ಚೀಲ ಕೆಳಗೆ ಕುಕ್ಕಿ, "ಹೇಳಮ್ಮಾ, ಬಾಯಿ ಬಿಟ್ಟು ಹೇಳು. ನಮ್ಮನೇಲಿ ಇಲ್ದಿರೋದು ಇಲ್ಲಿ ಏನಿದೆ?" ಅಂದಳು. ಕಣ್ಣಲ್ಲಿ ನೀರಿತ್ತು.

"ನಿಮ್ಮನೆ ಟೀವೀನ ಗೋಡೆಗೆ ಅಂಟಿಸಿಬಿಟ್ಟಿದ್ದೀರಲ್ಲೇ" ಅಂದರು ಅತ್ತೆ. "ಅದಕ್ಕೆ ಹಿಂದುಗಡೆಯೇ ಇಲ್ಲ. ನಾನೆಲ್ಲಿ ಕೂತ್ಕೊಳ್ಲಿ?"

ಗೌರಿಗೆ ತಿಳಿಯಲಿಲ್ಲ. ನನಗೂ ತಿಳಿಯಲಿಲ್ಲ. ಅತ್ತೆ ಪರದೆ ನೋಡ್ತಾನೇ ಹೇಳಿದರು.

"ನಾನು ಮದುವೆಯಾಗಿ ಬಂದಾಗ ಈ ಮನೇಲಿ ತುಂಬಾ ಜನ. ಹಗಲಲ್ಲಿ ನಿಮ್ಮಪ್ಪನ ಮುಖ ನೋಡೋಕೂ ಆಗ್ತಿರ್ಲಿಲ್ಲ. ಮಾತಾಡಿದ್ರೆ ನಮ್ಮತ್ತೆ ಕೆಮ್ಮೋಳು. ಟೇಕಲ್‌ನಲ್ಲಿ ಟೆಂಟು ಬಂದಾಗ ಎಲ್ಲಾ ಹೋಗ್ತಿದ್ವಿ. ಅಲ್ಲೂ ಗಂಡಸರು ಆ ಕಡೆ, ಹೆಂಗಸರು ಈ ಕಡೆ, ನಡುವೆ ಹಗ್ಗ. ಒಂದಿನ ನಿಮ್ಮಪ್ಪ ಎದ್ದು ಪರದೆ ಹಿಂದಕ್ಕೆ ಹೋಗಿದ್ದು ಕಂಡಿತು. ನಾನು ಹೊಗೇಗೆ ಕಣ್ಣುರಿ ಅಂತ ನಮ್ಮತ್ತೆಗೆ ಹೇಳಿ ಹಿಂದಕ್ಕೆ ಹೋದೆ. ಟವಲ್ಲು ಹಾಸ್ಕೊಂಡು ಕೂತಿದ್ರು. ನನಗೆ ಅಂತ ಎಡಗಡೆ ಜಾಗ ಬಿಟ್ಟಿದ್ರು. ಆಮೇಲೆ ಟೆಂಟು ಬಂದಾಗೆಲ್ಲ ನನಗೆ ಕಣ್ಣುರಿ." ಅತ್ತೆ ಕಿಸಕ್ ಅಂತ ನಕ್ಕರು. "ಸಿನಿಮಾ ಯಾವುದು ಅಂತ ಯಾರು ನೋಡಿದ್ರು? ಉಲ್ಟಾ ಬರುತ್ತೆ ಅಂತ ನಾವು ಒಂದು ದಿನಾನೂ ಬೇಜಾರು ಮಾಡ್ಕೊಳ್ಲಿಲ್ಲ. ನಾವಿಬ್ರೂ ಮನಸ್ಸು ಬಿಚ್ಚಿ ಮಾತಾಡೋಕೆ ಕಲ್ತಿದ್ದೇ ಅಲ್ಲಿ."

ಆಚೆ ಕಡೆ ನಮ್ಮನೆಯವರು ಮೂಗು ಒರೆಸಿಕೊಂಡ ಸದ್ದು ಕೇಳಿತು. ಈ ಸಲ ಹಾಲು ತರೋಕೆ ಹೋಗಲಿಲ್ಲ.

"ನಂಗೆ ಯಾಕಮ್ಮ ಹೇಳ್ಲಿಲ್ಲ?" ಅಂದಳು ಗೌರಿ.

"ನೀನು ಕೇಳಿದ್ದು ಟೀವಿ ಎಷ್ಟು ದೊಡ್ಡದು ಬೇಕು ಅಂತ ಕಣೇ."

ಗೌರಿ ಬಂದು ನೆಲದ ಮೇಲೆ, ಅಮ್ಮನ ಕಾಲಿಗೆ ಒರಗಿ ಕೂತಳು. ಅಮ್ಮನ ಮೊಣಕಾಲ ಮೇಲೆ ತಲೆ ಇಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಚೈತ್ರ ಪರದೆ ಕೆಳಗಿನಿಂದ ಎರಡು ರಿಮೋಟನ್ನೂ ಈಚೆ ತಳ್ಳಿದಳು. ಗೌರಿ ಒಂದು ತಗೊಂಡಳು, ನಾನು ಒಂದು. ಶುರುವಾದ ತಕ್ಷಣ ಅವಳ ಕಾರು ಹೋಗಿ ಲೈಟುಕಂಬಕ್ಕೆ ಗುದ್ದಿತು. "ಇದೇನೇ ವದಿನಾ, ಎಡಕ್ಕೆ ಒತ್ತಿದ್ರೆ ಬಲಕ್ಕೆ ಹೋಗುತ್ತೆ!" ಅಂತ ಕಿರುಚಿದಳು. "ಉಲ್ಟಾ ಒತ್ತೇ, ಉಲ್ಟಾ!" ಅಂತ ಅತ್ತೆ ಅವಳ ತಲೆ ಮೇಲೆ ಮೊಟಕಿದರು. "ಟೆಂಪೋ ಓಡಿಸ್ತಾಳಂತೆ ಟೆಂಪೋ! ಹಣ್ಣೆಲ್ಲ ರಸ ಆಗಿ ಮಂಡಿ ಸೇರ್ತಿರ್ಬೇಕು."

ನಾನು ನನ್ನ ಸ್ಟೂಲಿನ ಮೇಲಿಂದ ನಗ್ತಾ ಇದ್ದೆ. ಅತ್ತೆ ನನ್ನ ಕಡೆ ತಿರುಗಿದರು. ಮಂಚದ ಬಲಗಡೆಯ ಖಾಲಿ ಜಾಗವನ್ನ ಅಂಗೈಯಿಂದ ಒಂದು ಸಲ ಸವರಿ, ಮೆತ್ತಗೆ ತಟ್ಟಿದರು.

"ಆ ಸ್ಟೂಲಿನ ಮೇಲೆ ಎಷ್ಟು ದಿನ ಅಂತ ಸೊಂಟ ಮುರ್ಕೊಳ್ತೀಯ? ಬಾ, ಇಲ್ಲಿ ಕೂತ್ಕೋ."

ನಾನು ಹಿಂದೆಮುಂದೆ ನೋಡಿದೆ.

"ಬಾರೇ. ಅವರೇನೂ ಅಂದ್ಕೊಳ್ಳಲ್ಲ."

ಹೋಗಿ ಕೂತೆ. ಮೇಲಿನ ಪಂಚೆಯಲ್ಲಿ ಗೌರಿಯ ಕಾರು, ಕೆಳಗಿನ ಪಂಚೆಯಲ್ಲಿ ನನ್ನದು. ಯಾರು ಗೆದ್ದರು ಅಂತ ನೀವು ಕೇಳೋದೇ ಬೇಡ.